ಸಂಶೋಧನೆಗೆ ಸೈಕಲ್ ಸಾಕ್ಷಿ

ಸೈಕಲ್‌ಗಳಿಗೆ ಮಾತು ಬಂದ ಮೇಲೆ, ಅವುಗಳ ಸಾಕ್ಷಿಯಿಲ್ಲದೆ ಸೈಕಲ್ ಸಂಶೋಧನೆಗೆ ಯಾವ ವಿಶ್ವವಿದ್ಯಾಲಯವೂ ಪಿಎಚ್.ಡಿ. ಕೊಡುತ್ತಿರಲಿಲ್ಲ. ಹಾಗಾಗಿ ಸುಗುಣಾ ‘ನಗರದ ಸೈಕಲ್ ಸವಾರಿ ಮತ್ತು ಸಮಾಜ’ ಎಂಬ ಪ್ರಬಂಧದ ಜೊತೆಗೆ ತನ್ನ ಹಸಿರು ಸೈಕಲ್ಲನ್ನೂ ಮೌಖಿಕ ಪರೀಕ್ಷೆಗೆ ಕರೆತಂದಿದ್ದಳು. ಅದು ಬಾಯಿಬಿಟ್ಟರೆ ಏನು ಗತಿಯೋ ಎಂಬ ಚಿಂತೆ ಅವಳಿಗೆ.

“ಇವರು ಸವಾರಿ ಹೇಗ್ ಮಾಡ್ತಾರಪ್ಪ?” ಎಂದು ಪರೀಕ್ಷಕರಾದ ಸ್ಥೂಲಕಾಯದ ಪ್ರೊಫೆಸರ್ ಮರಿಸ್ವಾಮಿ ಸೈಕಲ್ಲನ್ನು ಕೇಳಿದರು.

“ಸವಾರಿನಾ? ಒಂದಿನಾನೂ ಹತ್ತಿಲ್ಲ ಸಾರ್. ಇವರಿಗೆ ಬ್ಯಾಲೆನ್ಸೇ ಬರಲ್ಲ. ಊರೆಲ್ಲ ನನ್ನ ತಳ್ಕೊಂಡೇ ಸುತ್ತಿದ್ರು.”

ಪ್ರೊಫೆಸರ್ ಪೆನ್ನಿನ ಮುಚ್ಚಳ ಹಾಕಿದರು. “ಹಾಗಾದ್ರೆ ಇದೆಂಥಾ ಸಂಶೋಧನೇಮ್ಮಾ?”

“ಸ್ವಲ್ಪ ತಡೀರಿ ಸಾರ್,” ಎಂದು ಸೈಕಲ್ ಗಂಟೆ ಬಾರಿಸಿತು. “ಹತ್ತಿದೋರೆಲ್ಲ ನಮ್ ಮೇಲೆ ಕೂತು ಫೋನಲ್ಲಿ ಹರಟೆ ಹೊಡೀತಾರೆ. ಪಕ್ಕದಲ್ಲಿ ನಡ್ಕೊಂಡು ನಮ್ಮ ಕಷ್ಟ ಕೇಳಿದೋರು ಇವರೊಬ್ರೇ.”

ಪ್ರೊಫೆಸರ್ ಮುಚ್ಚಳ ತೆಗೆದು ಸಹಿ ಹಾಕಿದರು.

ಬಾಗಿಲಾಚೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಅವರದೇ ಸೈಕಲ್, ಅವರು ಹೊರಬಂದು ಹತ್ತಲು ಕಾಲೆತ್ತುವಷ್ಟರಲ್ಲಿ ಪಕ್ಕಕ್ಕೆ ಸರಿಯಿತು. “ಸಾರ್, ನಂದೂ ತುಂಬಾ ಕಷ್ಟ ಇದೆ. ಇವತ್ತು ಮನೆವರೆಗೂ ನಡ್ಕೊಂಡೇ ಹೋಗೋಣ.”