ಮೂಲೆಯ ಕಪ್ಪು ಹೊಲಿಗೆ

ಊರಿನ ಹೆಂಗಸರು ಕೂಸುಗಳಿಗೆ ಹೊದಿಸಲೆಂದು ಹೊಲಿದು ಮೊದಲ ಬಾರಿ ಹೊರದೇಶಕ್ಕೆ ಕಳಿಸಿದ್ದ ಕೌದಿಗಳು ಅಲ್ಲಿನ ಬಂದರಿನಿಂದಲೇ ವಾಪಸು ಬಂದಿದ್ದವು. ಫಕೀರವ್ವ ಒಂದನ್ನು ತೊಡೆಯ ಮೇಲೆ ಹರವಿಕೊಂಡು ಕೂತಿದ್ದಳು.

“ಹೋದ ವರ್ಷ ಮಾದರಿಗಂತ ಒಂದು ಕೌದಿ ಒಯ್ದಿದ್ರಲ್ಲವ್ವಾ, ಆ ಕಂಪನಿಯವ್ರು ವಿನ್ಯಾಸ ತಮ್ಮ ಹೆಸರಿಗೆ ನೋಂದಣಿ ಮಾಡಿಸ್ಯಾರ. ನಮ್ಮವು ನಕಲು ಅಂತಾರ,” ಎಂದ ಹೆಂಗಸರ ಸಂಘದ ವಕೀಲ.

“ಹೆಂಗ ಗುರುತು ಹಿಡದ್ರಂತ?”

“ಮೂಲ್ಯಾಗಿನ ಸೊಟ್ಟ ಕಪ್ಪು ಹೊಲಿಗಿ ನೋಡಿ.”

ಫಕೀರವ್ವ ಅದರ ಮೇಲೆ ಬೆರಳಾಡಿಸಿದಳು.

“ಕೂಸಿಗೆ ದೃಷ್ಟಿ ಆಗಬಾರದಂತ ನಮ್ಮತ್ತಿ ಬೇಕಂತಲೇ ಸೊಟ್ಟ ಹಾಕತಿದ್ಲು. ನಾನೂ ಹಾಕತೀನಿ. ಅವ್ರು ಯಾಕ ಹಾಕ್ಯಾರ, ಕೇಳಿದ್ರೇನು?”

“ಕೇಳೀನವ್ವಾ. ಯಾರೂ ಕದೀಬಾರದಂತ ಹಾಕ್ಯಾರಂತ.”