ಎಡಹೆಗಲಿಗೆ ಮೂರು ಸಲ

ಪರದೆ ಏಳಲು ಇನ್ನು ಇಪ್ಪತ್ತೈದು ನಿಮಿಷ ಇದೆ ಎನ್ನುವಾಗ, ದಯವಿಟ್ಟು ಬರಬೇಡಿ ಎಂದು ಹೇಳಿಸಿಕೊಂಡಿದ್ದ ಮೇಷ್ಟ್ರು ಬಂದೇ ಬಿಟ್ಟರು. ಮುಚ್ಚಿದ ಪರದೆಯ ಹಿಂದೆ ಮೈ ಸಡಿಲ ಮಾಡಿಕೊಳ್ಳುತ್ತಿದ್ದ ಹದಿನಾಲ್ಕು ನರ್ತಕರೂ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು "ಮೇಷ್ಟ್ರು! ಮೇಷ್ಟ್ರು!" ಎಂದು ಅವರ ಕಡೆ ಓಡಿದರು. ವೀಬ್ಕೆ ನಿಂತಲ್ಲೇ ನಿಂತಳು.

"ಟೋಪಿ ಬಿಟ್ಟು ಹೋಗಿದ್ದೆ ಕಣೆ," ಅಂದರು ಮೇಷ್ಟ್ರು. ಟೋಪಿ ಅವರ ತಲೆಯ ಮೇಲೇ ಇತ್ತು.

ಹಿನ್ನರ್ಕ್ ಮೇಷ್ಟ್ರು ಬಾಲ್ಟಿಕ್ ತೀರದ ಆ ಊರಿನ ಬ್ಯಾಲೆ ತಂಡವನ್ನು ಮೂವತ್ತೊಂದು ವರ್ಷ ನಡೆಸಿ, ಕಳೆದ ಬೇಸಿಗೆಯಲ್ಲಿ ಬಿಟ್ಟುಕೊಟ್ಟವರು. ಅವರ ಕೈಕೆಳಗೆ ಹದಿನೈದು ವರ್ಷ ಕುಣಿದಿದ್ದ ವೀಬ್ಕೆ ಈಗ ಅವರ ಜಾಗಕ್ಕೆ ಬಂದಿದ್ದಳು. ಇವತ್ತು ಅವಳು ಕಟ್ಟಿದ ನೃತ್ಯದ ಮೊದಲ ಪ್ರದರ್ಶನ. ಜಾಗವೇನೋ ಸಿಕ್ಕಿತ್ತು, ತಂಡ ಸಿಕ್ಕಿರಲಿಲ್ಲ. ತಾಲೀಮಿನಲ್ಲಿ ಅವಳು ಏನು ತಿದ್ದಿದರೂ ಎಲ್ಲರ ಕಣ್ಣು ರಂಗದ ಪಕ್ಕದಲ್ಲಿದ್ದ ಮರದ ಕುರ್ಚಿಯ ಕಡೆ ಒಮ್ಮೆ ಹೋಗಿಯೇ ಬರುತ್ತಿತ್ತು. ಅದು ಮೇಷ್ಟ್ರು ಕೂರುತ್ತಿದ್ದ ಕುರ್ಚಿ. ಅವರ ಹೂವಿನ ದಿಂಬೂ ಹಾಗೇ ಇತ್ತು. ಅದನ್ನು ತೆಗೆದಿಡುವ ಧೈರ್ಯ ವೀಬ್ಕೆಗೂ ಬಂದಿರಲಿಲ್ಲ. "ಮೇಷ್ಟ್ರಾಗಿದ್ರೆ ಈ ಸುತ್ತನ್ನ ಎಡಕ್ಕೆ ಇಡ್ತಿದ್ರು," ಎಂದು ಹಿರಿಯ ನರ್ತಕಿ ದಾಗ್ನಿಯಾ ನಿನ್ನೆಯೂ ಅಂದಿದ್ದಳು. ಇವತ್ತೂ ಇವರು ಮೇಷ್ಟ್ರ ಮುಖ ನೋಡಿಕೊಂಡೇ ಕುಣಿದರೆ ತಾನು ಎಂದೆಂದಿಗೂ ಹೊರಗಿನವಳೇ ಎಂಬುದು ವೀಬ್ಕೆಗೆ ಗೊತ್ತಿತ್ತು. ಅದಕ್ಕೇ ಸಂಕೋಚ ಬಿಟ್ಟು, ಬರಬೇಡಿ ಅಂದದ್ದು.

ಈಗ ನೋಡಿದರೆ ಹದಿನಾಲ್ಕು ಜನವೂ ಮೇಷ್ಟ್ರ ಮುಂದೆ ಬೆನ್ನು ತಿರುಗಿಸಿ ಸಾಲು ನಿಂತಿದ್ದರು. ಮೊದಲ ಪ್ರದರ್ಶನದ ದಿನ, ಶುಭವಾಗಲೆಂದು, ತಂಡ ನಡೆಸುವವರು ಪ್ರತಿಯೊಬ್ಬರ ಎಡಹೆಗಲಿನ ಮೇಲೆ ಮೂರು ಸಲ 'ಥೂ ಥೂ ಥೂ' ಎಂದು ಉಗಿಯಬೇಕು. ಉಗಿಸಿಕೊಳ್ಳದೆ ರಂಗಕ್ಕೆ ಕಾಲಿಡುವವರಿಲ್ಲ. ಉಗಿಸಿಕೊಂಡ ಮೇಲೆ ಅಪ್ಪಿತಪ್ಪಿಯೂ ಥ್ಯಾಂಕ್ಸ್ ಅನ್ನುವಂತಿಲ್ಲ. ಅಂದರೆ ಉಗಿದದ್ದೆಲ್ಲ ನೀರಲ್ಲಿ ಹೋಮ. ಹಿಂದೊಮ್ಮೆ ಹೊಸಬನೊಬ್ಬ ಬಾಯಿತಪ್ಪಿ ಅಂದು, ಮೊದಲ ನೆಗೆತದಲ್ಲೇ ಪಾದ ಉಳುಕಿಸಿಕೊಂಡಿದ್ದ. ಹೀಗಾಗಿ, ಅವನೊಬ್ಬನನ್ನು ಬಿಟ್ಟರೆ, ಮೂವತ್ತೊಂದು ವರ್ಷದಲ್ಲಿ ಮೇಷ್ಟ್ರಿಗೆ ಆ ಉಪಕಾರಕ್ಕೆ ಒಂದು ಒಳ್ಳೆಯ ಮಾತು ಹೇಳಿದವರಿಲ್ಲ. ಪಾಪ, ಅವರು ಕಾದವರೂ ಅಲ್ಲ.

"ಬೇಗ ಉಗೀರಿ ಮೇಷ್ಟ್ರೇ, ಹೊತ್ತಾಯ್ತು," ಅಂದಳು ಸಾಲಿನ ಮೊದಲಲ್ಲಿದ್ದ ದಾಗ್ನಿಯಾ.

ಮೇಷ್ಟ್ರು ಬಾಯಿಗೆ ಕೈ ಅಡ್ಡ ಹಿಡಿದರು. "ಆಗಲ್ಲ ಕಣಮ್ಮ. ಹೊಸಾ ಹಲ್ಲಿನ ಸೆಟ್ಟು, ನಿನ್ನೆ ತಾನೇ ಕೂರಿಸಿದ್ದು. ಉಗಿದ್ರೆ ಅದೂ ನಿನ್ನ ಹೆಗಲಿಗೇ ಬರತ್ತೆ."

"ಹಾಗಾದ್ರೆ ನಮಗೆ ಉಗಿಯೋರ್ಯಾರು?"

"ಅಲ್ಲಿ ನಿಂತಿದಾಳಲ್ಲ, ಆರು ವಾರದಿಂದ ದಿನಾ ಉಗೀತಿದಾಳೆ ಅಂತ ನೀನೇ ಫೋನ್ ಮಾಡಿ ಅತ್ತೆಯಲ್ಲ. ಇನ್ನೊಂದು ಮೂರು ಸಲ ಉಗಿದ್ರೆ ಅವಳ ಗಂಟೇನು ಹೋಗತ್ತೆ?"

ಎಲ್ಲರೂ ಗೊಳ್ಳೆಂದರು. ದಾಗ್ನಿಯಾಳ ಕಿವಿ ಕೆಂಪಾಯಿತು. ನಗುವಾಗ ಮೇಷ್ಟ್ರ ಕೈ ಬಾಯಿಂದ ಜಾರಿತು. ಒಳಗಿದ್ದದ್ದು ಎಂದಿನ ಹಳದಿ ಹಲ್ಲುಗಳೇ, ಎಂದಿನ ಆ ಮುರುಕು ಕೋರೆಹಲ್ಲೂ ಸೇರಿದಂತೆ. ವೀಬ್ಕೆ ಅದನ್ನು ನೋಡಿದಳು. ಅವಳು ನೋಡಿದ್ದನ್ನು ಮೇಷ್ಟ್ರೂ ನೋಡಿದರು, ನೋಡಿ ಮುಖ ಆ ಕಡೆ ತಿರುಗಿಸಿದರು.

ಸಾಲು ಹಾವಿನಂತೆ ಹೊರಳಿ ವೀಬ್ಕೆಯ ಮುಂದೆ ಬಂತು. ಅವಳ ಬಾಯಿ ನಿಜಕ್ಕೂ ಒಣಗಿತ್ತು.

"ಎಡಗಡೆಗೆ," ಎಂದು ದಾಗ್ನಿಯಾ ತಿರುಗದೆಯೇ ಪಿಸುಗುಟ್ಟಿದಳು.

"ಗೊತ್ತು ಸುಮ್ನಿರೇ. ನೀನು ಬರೋಕ್ಕಿಂತ ಮುಂಚಿಂದ ಉಗಿಸ್ಕೊಂಡೋಳು ನಾನು."

ದಾಗ್ನಿಯಾಳ ಹೆಗಲು ನಗುವಿಗೆ ಕುಲುಕಿತು. ಆರು ವಾರದಲ್ಲಿ ಅವರಿಬ್ಬರ ನಡುವೆ ಹುಟ್ಟಿದ ಮೊದಲ ನಗು ಅದು. ಕುಲುಕುವ ಆ ಹೆಗಲಿನ ಮೇಲೇ ವೀಬ್ಕೆ ಉಗಿದಳು, ಥೂ ಥೂ ಥೂ. ಆಮೇಲೆ ಎರಡನೆಯವನಿಗೆ, ಮೂರನೆಯವಳಿಗೆ. ಒಬ್ಬೊಬ್ಬರೂ ಕಣ್ಣು ಮುಚ್ಚಿ, ಗಂಭೀರವಾಗಿ ಉಗಿಸಿಕೊಂಡು, ತುಟಿ ಬಿಗಿಹಿಡಿದು ತಮ್ಮ ತಮ್ಮ ಜಾಗಕ್ಕೆ ಹೋದರು. ಯಾರ ಕಣ್ಣೂ ಕುರ್ಚಿಯ ಕಡೆ ಹೋಗಲಿಲ್ಲ. ಹದಿನಾಲ್ಕು ಮುಗಿದಾಗ ಅವಳೆದುರು ಇನ್ನೊಂದು ಬೆನ್ನಿತ್ತು. ಉಣ್ಣೆಯ ಕೋಟು, ಒಂದು ಕಡೆಗೆ ವಾಲಿದ ಹೆಗಲು, ಕಂಕುಳಲ್ಲಿ ಹೂವಿನ ದಿಂಬು.

ವೀಬ್ಕೆ ಆ ಹೆಗಲಿನ ಮೇಲೂ ಉಗಿದಳು. ಎಡಗಡೆಗೇ, ಮೂರು ಸಲ.

"ಥ್ಯಾಂಕ್ಸ್ ಕಣೆ," ಅಂದರು ಮೇಷ್ಟ್ರು, ಎಲ್ಲರಿಗೂ ಕೇಳುವ ಹಾಗೆ.

"ಅಯ್ಯೋ ಮೇಷ್ಟ್ರೇ, ಅನ್ನಬಾರ್ದು!" ಎಂದು ರಂಗದ ನಾಲ್ಕೂ ಮೂಲೆಯಿಂದ ಕೂಗೆದ್ದಿತು.

"ಅನ್ನಬಾರ್ದು ಅನ್ನೋದು ಒಳಗಿನೋರಿಗೆ." ಮೇಷ್ಟ್ರು ಜೇಬಿನಿಂದ ಒಂದು ಟಿಕೆಟ್ ತೆಗೆದು ಎತ್ತಿ ಹಿಡಿದರು. ಬಾಲ್ಕನಿ, ಕೊನೆಯ ಸಾಲು. "ಮೂವತ್ತೊಂದು ವರ್ಷ ಆ ಕುರ್ಚೀಲಿ ಕೂತು ನಿಮ್ಮನ್ನ ಬರೀ ಪಕ್ಕದಿಂದ ನೋಡಿದೀನಿ. ಇವತ್ತು ಎದುರಿಂದ ನೋಡ್ತೀನಿ. ದಿಂಬು ನಂದು. ಕುರ್ಚಿ ಇಲ್ಲೇ ಇರತ್ತೆ."

ಅವರು ಬಾಗಿಲು ಮುಟ್ಟುವಷ್ಟರಲ್ಲಿ ವೀಬ್ಕೆ ಹಿಂದಿನಿಂದ ಓಡಿಬಂದಳು. ಹದಿನೈದು ವರ್ಷದ ಮಾತು ನಾಲಿಗೆಯ ತುದಿಯಲ್ಲಿತ್ತು.

"ಮೇಷ್ಟ್ರೇ..."

"ಉಹುಂ," ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟರು. "ನೀನು ಅನ್ನೋ ಹಾಗಿಲ್ಲ. ಒಳಗಿನೋಳು."