ಅತ್ತೆಯ ಹೆಬ್ಬೆರಳು

ಬಿಸಿಲಿಗೆ ಕಾದ ರಬ್ಬರಿನ ವಾಸನೆ ಬಂದರೆ ಈಗಲೂ ನನ್ನ ಕೈ ಬಾಗಿಲಿನ ಹಿಡಿಕೆಯನ್ನು ಹುಡುಕುತ್ತದೆ.

ಜಮಖಂಡಿಯ ನಮ್ಮ ಅಂಗಳದಲ್ಲಿ ಅಜ್ಜ ಹಳೆಯ ಅಮೆರಿಕನ್ ಕಾರೊಂದನ್ನು ರಿಪೇರಿ ಮಾಡುತ್ತಿದ್ದ. ಕಿರಿಯ ಮಗಳನ್ನು, ಎಂದರೆ ನನ್ನ ಅತ್ತೆಯನ್ನು, ಅದರಲ್ಲೇ ಗಂಡನ ಮನೆಗೆ ಕಳಿಸುತ್ತೇನೆಂದು ಬೀಗರಿಗೆ ಮಾತು ಕೊಟ್ಟಿದ್ದ. ಕಾರು ಸರಿಯಾದ ಮೇಲೆಯೇ ಮದುವೆಯ ಮುಹೂರ್ತ. ಎಂಜಿನ್ ಮಾತ್ರ ನಿಂತಲ್ಲೇ ನಡುಗುತ್ತಿತ್ತು.

"ಈ ಹಳೇ ಗಾಡ್ಯಾಗ ವೈಪರ್ ಓಡೂದು ಎಂಜಿನ್ ಎಳಿಯೂ ಗಾಳಿ ಮ್ಯಾಲ. ಅದರ ರಬ್ಬರ್ ಪೈಪ್ ಎಲ್ಲೋ ಸೀಳೇತಿ. ಅಲ್ಲಿಂದ ಎಂಜಿನ್ ಕಳ್ಳ ಗಾಳಿ ಎಳಕೊಳ್ಳಾಕತ್ತೇತಿ. ಬುಸ್ ಅನ್ನೂದು ಎಲ್ಲೈತಿ, ಕಿವಿಗೊಟ್ಟ ಕೇಳ್ರಿ," ಎಂದ ಅಜ್ಜ ಎಂಜಿನ್ ಚಾಲೂ ಇಟ್ಟು, ಅತ್ತೆಯನ್ನೂ ನನ್ನನ್ನೂ ಒಳಗೆ ಕೂರಿಸಿ, ಹೊರಗಿನ ಸದ್ದು ಬರದಂತೆ ಗಾಜು ಏರಿಸಿ ಬಾಗಿಲು ಹಾಕಿದ. ಒಳಗಿನ ಹಿಡಿಕೆಗಳು ಮುರಿದಿದ್ದವು. ಹೊರಗಿನವರೇ ತೆಗೆಯಬೇಕು.

"ಇದು ಹಿಂಗ ನಡುಗ್ಲಿ ಬೇ. ನನಗ ಆ ಮನಿ ಬ್ಯಾಡ," ಎಂದು ಅತ್ತೆ ಮೆಲ್ಲಗೆ ಹೇಳಿದಳು.

ಡ್ಯಾಶ್‌ಬೋರ್ಡಿನ ಕೆಳಗೆ ತಡಕಾಡುತ್ತಿದ್ದ ಅವಳ ಹೆಬ್ಬೆರಳು ಪೈಪಿನ ಸೀಳಿನ ಮೇಲೆ ನಿಂತಿತು. ಬುಸುಗುಡುವುದು ನಿಂತು, ಎಂಜಿನ್ ಹಾಲು ಕುಡಿದ ಕೂಸಿನಂತೆ ಶಾಂತವಾಯಿತು. ಅತ್ತೆ ನನ್ನನ್ನು ನೋಡಿ ಬೆರಳು ತೆಗೆದಳು. ಮತ್ತೆ ನಡುಕ.

"ಸಿಕ್ತೇನ ಯವ್ವಾ?" ಅಜ್ಜ ಹೊರಗಿನಿಂದ ಕೂಗಿದ.

"ಇಲ್ರೀ ಅಪ್ಪಾ, ಸಿಗವಲ್ದು."

"ಸಿಕ್ಕೈತಿ! ಈಗ ಶಾಂತ ಆಗಿತ್ತಲ್ಲ. ಎಲ್ಲಿ ಇಟ್ಟಿದ್ದಿ, ಅಲ್ಲೇ ಇಡು ಬೆರಳು. ನಾ ಹೊಸ ಪೈಪ್ ತರತೀನಿ, ತೆಗೀಬ್ಯಾಡ!"

ಅತ್ತೆ ಬೆರಳಿಟ್ಟಳು. ಎಂಜಿನ್ ಸುಮ್ಮನೆ ಓಡತೊಡಗಿತು.

"ಅತ್ತಿ, ಕೈ ನೋಯಾಕತ್ತೇತೇನ?"

"ಇಲ್ಲ ಬೇ."

ಹೊರಗೆ ಅಜ್ಜ ಅಜ್ಜಿಯನ್ನು ಕೂಗುತ್ತಿದ್ದ: "ಅಯ್ಯಾರಿಗೆ ಹೇಳಿ ಕಳಸ, ಮುಹೂರ್ತ ತಗೀಲಿ!" ಬಾಗಿಲು ತೆಗೆಯುವುದನ್ನು ಅವನು ಮರೆತಿದ್ದ.